ಗೋವಾದ ಘಟ್ಟದ ಹೊಳೆ ಪಕ್ಕ ಎರಡು ರಾತ್ರಿ: ಕಾಡುಪ್ರಾಣಿಗೆ ತೊಂದರೆ ಕೊಡದೆ ನೋಡುವುದು ಹೇಗೆ

ಹೋದ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ನಮ್ಮ ಭಾವ ಬಂದಿದ್ದರು. ನಾನಿರುವುದು ಫೋಂಡಾದಲ್ಲಿ. ಬೀಚು ಬೇಡ, ಕಾಡು ತೋರಿಸು ಅಂದರು. ಸತ್ತರಿ ತಾಲೂಕಿನಲ್ಲಿ ಮಹದಾಯಿ ದಂಡೆಯ ಮೇಲಿರುವ ಒಂದು ಸಣ್ಣ ಹೋಮ್‌ಸ್ಟೇಗೆ ಕರೆದುಕೊಂಡು ಹೋದೆ. ಮರುದಿನ ಬೆಳಕು ಹರಿಯುವ ಮುಂಚೆಯೇ ಭಾವ ಕ್ಯಾಮೆರಾ ನೇತು ಹಾಕಿಕೊಂಡು ಕಾಡಿನ ದಾರಿ ಹಿಡಿದರು. ಮೂರು ಗಂಟೆ ನಡೆದು, ಬೆವರಿ, ಒಂದು ಮಂಗವನ್ನೂ ನೋಡದೆ ವಾಪಸ್ ಬಂದರು.

ಅಡುಗೆಮನೆ ಹಿಂದೆ ಪಾತ್ರೆ ತಿಕ್ಕುತ್ತಿದ್ದ ಮಾವಶಿ ತಲೆ ಎತ್ತಿದರು. ಅವರು ಖಾನಾಪುರ ಕಡೆಯವರು, ನಮ್ಮ ಜೊತೆ ಕನ್ನಡವೇ. "ನೀರನಾಯಿ ಬಂದಿದ್ವು ನೋಡ್ರಿ, ನಾಕು. ಆ ಕಲ್ಲಿನ ಮ್ಯಾಲ ಕುಂತು ಮೀನ ತಿಂದು ಹೋದ್ವು" ಅಂದರು. ಭಾವನ ಮುಖ ಸಣ್ಣದಾಯಿತು. "ನೀವು ಆ ಕಡೆ ಹೋದ್ರಿ, ಅವು ಈ ಕಡೆ ಬಂದ್ವು. ಏನ್ ಮಾಡೂದ್ರಿ?"

ನಾನು ಇಲ್ಲಿ ಹೇಳಬೇಕಾದ್ದರಲ್ಲಿ ಅರ್ಧ ಅಲ್ಲೇ ಮುಗಿಯಿತು. ಹೊಳೆ ಪಕ್ಕ ಮನೆ ಇದೆ ಅಂದರೆ, ಪ್ರಾಣಿಗಳು ನೀರಿಗೆ ಬರುವ ಜಾಗದಲ್ಲೇ ನಾವು ಹಾಸಿಗೆ ಹಾಕಿಕೊಂಡಿದ್ದೇವೆ ಅಂತ. ಹುಡುಕಿಕೊಂಡು ಹೋಗುವ ಅಗತ್ಯ ಕಡಿಮೆ. ಸುಮ್ನೆ ಕೂತರೆ ಸಾಕು. ಆದರೆ ಸುಮ್ನೆ ಕೂರುವುದಕ್ಕೂ ಸ್ವಲ್ಪ ತಯಾರಿ ಬೇಕು.

ಮೊದಲು ತಿಂಗಳು ನೋಡಿ

ನಮ್ಮ ಕಡೆಯವರಿಗೆ ಮಹದಾಯಿ ಅಂದರೆ ಕಳಸಾ ಬಂಡೂರಿ, ನರಗುಂದ, ಬಂದ್, ಧರಣಿ. ನನಗೂ ಅಷ್ಟೇ ಗೊತ್ತಿತ್ತು. ಖಾನಾಪುರ ತಾಲೂಕಿನ ದೇಗಾಂವದ ಹತ್ತಿರ ಹುಟ್ಟುವ ಈ ಹೊಳೆ ಘಟ್ಟ ಇಳಿದು ಸತ್ತರಿಗೆ ಬರುತ್ತದೆ, ಮುಂದೆ ಮಾಂಡವಿ ಅನ್ನಿಸಿಕೊಂಡು ಪಣಜಿಯಲ್ಲಿ ಸಮುದ್ರ ಸೇರುತ್ತದೆ. ಅದರ ನೀರಿಗೆ ಕಾಲು ಇಟ್ಟದ್ದು ಗೋವಾಕ್ಕೆ ಕೆಲಸಕ್ಕೆ ಬಂದ ಮೇಲೆಯೇ.

ಪ್ರಾಣಿ, ಹಕ್ಕಿ ನೋಡಲು ಸುಲಭದ ಕಾಲ ನವೆಂಬರಿನಿಂದ ಫೆಬ್ರವರಿ. ನೀರು ತಿಳಿಯಾಗಿರುತ್ತದೆ, ಚಳಿಗೆ ಬರುವ ಹಕ್ಕಿಗಳು ಬಂದಿರುತ್ತವೆ. ಕಲ್ಲಿಂದ ಕಲ್ಲಿಗೆ ಬಾಲ ಕುಣಿಸುತ್ತಾ ಓಡುವ ಕುಂಡೆಕುಸ್ಕ ಹಿಮಾಲಯದ ಕಡೆಯಿಂದ ಬಂದ ಅತಿಥಿ. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ ಜಾಸ್ತಿ. ಆದರೆ ಸಣ್ಣ ಹಳ್ಳಗಳು ಬತ್ತುವುದರಿಂದ ಕಾಡುಕೋಣ, ಕಡವೆ ಎಲ್ಲವೂ ದೊಡ್ಡ ಹೊಳೆಗೇ ಬರಬೇಕು. ಹಾಗಾಗಿ ದಂಡೆಯಲ್ಲಿ ನಾವು ಕೊಡುವ ತೊಂದರೆ ಅವಕ್ಕೆ ಹೆಚ್ಚು ತಟ್ಟುವುದೂ ಈ ಎರಡು ತಿಂಗಳಲ್ಲೇ. ಬೇರೆ ನೀರು ಇಲ್ಲವಲ್ಲ.

ಜೂನ್ ಬಂದರೆ ಕಪ್ಪೆಗಳ ರಾಜ್ಯ. ಮಳೆಗಾಲ ಇಷ್ಟಪಡುವವರಿಗೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ, ನನ್ನ ಓಟು ಇದಕ್ಕೇ. ಆದರೆ ಹೊಳೆಗೆ ಇಳಿಯುವ ಮಾತೇ ಬೇಡ. ಇಲ್ಲಿ ಬಿಸಿಲು ಇದ್ದಾಗಲೂ ಮೇಲೆ ಘಟ್ಟದಲ್ಲಿ ಸುರಿದ ಮಳೆಯ ನೀರು ಬಂದು ಬಿಡುತ್ತದೆ. ತಿಳಿ ನೀರು ಕೆಂಪಾಯಿತು, ಎಲೆ ಕಡ್ಡಿ ತೇಲಿ ಬರುತ್ತಿದೆ ಅಂದರೆ ಆ ಕ್ಷಣವೇ ದಂಡೆ ಬಿಟ್ಟು ಮೇಲಕ್ಕೆ ಬನ್ನಿ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು

ವೆಬ್‌ಸೈಟಿನ ಫೋಟೋ ನೋಡಿ ಹಣ ಕಟ್ಟಬೇಡಿ. ಫೋನ್ ಮಾಡಿ. ರಾತ್ರಿ ಹೊಳೆ ಕಡೆಗೆ ಲೈಟು ಉರಿಯುತ್ತಾ? ಶನಿವಾರ ಹಾಡು ಹಾಕ್ತೀರಾ? ಊಟದ ಎಂಜಲು ಎಲ್ಲಿಗೆ ಹೋಗುತ್ತೆ? ಕೊನೆಯ ಪ್ರಶ್ನೆ ಕೇಳಿ ನಗುತ್ತಾರೆ, ನಗಲಿ. ಎಂಜಲನ್ನು ಹಿಂದೆ ತೋಟಕ್ಕೆ ಸುರಿಯುವ ಮನೆಗೆ ರಾತ್ರಿ ಕಾಡುಹಂದಿ ಬರುತ್ತದೆ. ಅದನ್ನೇ "ನಮ್ಮಲ್ಲಿ ವೈಲ್ಡ್‌ಲೈಫ್ ಗ್ಯಾರಂಟಿ" ಅಂತ ಮಾರುವವರಿದ್ದಾರೆ. ಗ್ಯಾರಂಟಿ ಅನ್ನುವ ಮಾತು ಕೇಳಿದರೆ ನಾನು ಫೋನ್ ಇಡುತ್ತೇನೆ. ಕಾಡಿನಲ್ಲಿ ಗ್ಯಾರಂಟಿ ಕೊಡಬೇಕಾದರೆ ಯಾರೋ ತಿಂಡಿ ಹಾಕುತ್ತಿರಬೇಕು, ಅಲ್ವಾ?

ಮಹದಾಯಿ ಅಭಯಾರಣ್ಯ, ಮೊಲೆಂ, ನೇತ್ರಾವಳಿ, ಖೋತಿಗಾಂವ ಈ ಎಲ್ಲ ಕಡೆ ಅಭಯಾರಣ್ಯದ ಗಡಿ ದಾಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮನೆಯ ಹಿಂದಿನ ಕಾಲುದಾರಿ ನೇರ ಒಳಗೆ ಹೋಗುತ್ತದೆ ಅಂತ ನಡೆದುಬಿಡಬೇಡಿ. ಗಡಿ ಎಲ್ಲಿದೆ, ಯಾರ ಹತ್ತಿರ ಅನುಮತಿ ತಗೋಬೇಕು ಅಂತ ಮನೆಯವರನ್ನೇ ಕೇಳಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಹೋಗುವುದು ಸುಲಭ. ಪಣಜಿ, ಫೋಂಡಾ ಕಡೆಯಿಂದ ವಾಲ್ಪೊಯ್‌ಗೆ ಕದಂಬ ಬಸ್ಸು ಸಿಗುತ್ತದೆ. ಬನವಾಸಿಯ ಕದಂಬರ ಹೆಸರು ಹೊತ್ತ ಬಸ್ಸು ಗೋವಾದಲ್ಲಿ ಓಡುವುದನ್ನು ನೋಡಿ ನಮ್ಮಪ್ಪ ಮೊದಲ ಸಲ ಬಂದಾಗ ದಿನವಿಡೀ ಅದೇ ಮಾತು. ಬೆಳಗಾವಿಯಿಂದ ಬರುವವರಿಗೆ ಚೋರ್ಲಾ ಘಾಟ್ ದಾರಿ. ಘಟ್ಟದಲ್ಲಿ ಸಂಜೆಯ ಮೇಲೆ ಗಾಡಿ ನಿಧಾನ ಇರಲಿ.

ಬ್ಯಾಗಿನಲ್ಲಿ ಏನಿರಬೇಕು

ಮಾಸಿದ ಹಸಿರು, ಕಂದು, ಬೂದು ಬಣ್ಣದ ಬಟ್ಟೆ. ಬಿಳಿ ಬನಿಯನ್ ದೂರದಿಂದಲೇ ಹೊಡೆದು ಕಾಣುತ್ತದೆ. ಸೆಂಟು, ಘಮ್ಮೆನ್ನುವ ಹೇರ್ ಆಯಿಲ್ ಎರಡು ದಿನ ಬೇಡ. ನವೆಂಬರಿನಿಂದ ಮೇ ತನಕ ಬರುವವರು ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು ತರಲೇಬೇಕು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸತ್ತರಿ ತಾಲೂಕಿನಲ್ಲೂ ಇದೆ. ಅದು ಹರಡುವುದು ಉಣ್ಣೆ ಹುಳದಿಂದ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆ ಮೇಲೆ ಕೂರಬೇಡಿ, ವಾಪಸ್ ಬಂದು ಬಿಸಿ ನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ಹೇಳಿ, ಅವರು ಇಲಾಖೆಗೆ ತಿಳಿಸುತ್ತಾರೆ.

ದುರ್ಬೀನು ಒಂದಿದ್ದರೆ ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಅದರ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಮರದ ನೆರಳಿನ ಮಬ್ಬು ಬೆಳಕಿಗೆ ಇದು ಸರಿಯಾದ ಅಳತೆ. ಹತ್ತು ಪಟ್ಟಿನದು ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ತಂದ ದಿನವೇ ಹೊಂದಿಸಿಕೊಳ್ಳಿ. ಬಲಗಡೆ ಗಾಜು ಮುಚ್ಚಿ, ಎಡಗಣ್ಣಿನಿಂದ ಒಂದು ಎಲೆಯನ್ನು ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಅದೇ ಎಲೆಯನ್ನು ಬಲಗಣ್ಣಿನಿಂದ ನೋಡುತ್ತಾ ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು. ಹಕ್ಕಿ ಕಂಡಾಗ ಅದರ ಮೇಲಿಟ್ಟ ಕಣ್ಣು ತೆಗೆಯದೆ ದುರ್ಬೀನನ್ನು ಕಣ್ಣಿಗೆ ತನ್ನಿ. ತಲೆ ತಗ್ಗಿಸಿ ದುರ್ಬೀನು ಹುಡುಕಿದಿರೋ, ಹಕ್ಕಿ ಹೋಯಿತು.

ಇನ್ನೊಂದು, ಹತ್ತು ರೂಪಾಯಿಯ ಸಾಮಾನು: ಕೆಂಪು ಜಿಲೇಟಿನ್ ಪೇಪರ್, ರಬ್ಬರ್ ಬ್ಯಾಂಡು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲ ಸಂಜೆ ದಂಡೆಯನ್ನು ಓದಿ

ಸಾಮಾನು ಇಟ್ಟ ತಕ್ಷಣ ನೀರಿಗೆ ಹಾರುವ ಆಸೆ ಎಲ್ಲರಿಗೂ ಇರುತ್ತದೆ. ಮಧ್ಯಾಹ್ನ ಮೂರರ ಒಳಗೆ, ಮನೆಯವರು ತೋರಿಸಿದ ಜಾಗದಲ್ಲಿ ಸ್ನಾನ ಮಾಡಿ ಮುಗಿಸಿ. ಸೋಪು, ಶಾಂಪೂ ಹೊಳೆಗೆ ಒಯ್ಯಬೇಡಿ. ಐದರ ನಂತರ, ಬೆಳಿಗ್ಗೆ ಎಂಟರ ತನಕ ದಂಡೆ ನಮ್ಮದಲ್ಲ ಅಂತ ಇಟ್ಟುಕೊಳ್ಳಿ.

ಆ ನಡುವೆ ಸಿಗುವ ಎರಡು ಗಂಟೆಯಲ್ಲಿ ನಿಧಾನಕ್ಕೆ ದಂಡೆ ನೋಡಿ. ಒದ್ದೆ ಮರಳಿನಲ್ಲಿ ಎರಡು ಸೀಳಿನ ಗೊರಸು ಕಂಡರೆ ಕಡವೆಯೋ ಕೋಣವೋ ಹಂದಿಯೋ ಇರಬೇಕು. ನಿಮ್ಮ ಅಂಗೈ ತುಂಬುವಷ್ಟು ದೊಡ್ಡದಿದ್ದರೆ ಕೋಣ. ನೀರಿನಿಂದ ಎದ್ದು ನಿಂತ ಚಪ್ಪಟೆ ಬಂಡೆಯ ಮೇಲೆ ಕಪ್ಪು ಹಿಕ್ಕೆ ಇದ್ದು, ಅದರಲ್ಲಿ ಮೀನಿನ ಹುರುಪೆ ಅಥವಾ ಏಡಿಯ ಚಿಪ್ಪು ಮಿಂಚುತ್ತಿದ್ದರೆ ಅದು ನೀರುನಾಯಿಯ ಜಾಗ. ವಾಸನೆ ಹಿಡಿದರೆ ಮೀನು ಮಾರ್ಕೆಟ್ಟು. ಅದು ಬರೀ ಕಕ್ಕಸಲ್ಲ, "ಇದು ನಮ್ಮ ಏರಿಯಾ" ಅನ್ನುವ ಬೋರ್ಡು. ಆ ಬಂಡೆ ಹತ್ತಬೇಡಿ, ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಎಲ್ಲಿದೆ ಅಂತ ಗುರುತಿಟ್ಟುಕೊಂಡು, ಅದು ಕಾಣುವ ಹಾಗೆ ವರಾಂಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಡಿ. ನಾಳೆಯ ಕೆಲಸ ಆ ಕುರ್ಚಿಯದು.

ಹತ್ತಿರದಲ್ಲಿ ದೇವರಾಯಿ ಇದ್ದರೆ, ಅಂದರೆ ನಮ್ಮ ದೇವರ ಕಾಡು, ಊರಿನವರ ಜೊತೆ ಹೋಗಿ. ಚಪ್ಪಲಿ ಎಲ್ಲಿ ಬಿಡಬೇಕು ಅಂತ ಅವರೇ ಹೇಳುತ್ತಾರೆ. ಒಂದು ಎಲೆಯನ್ನೂ ಕೀಳಬೇಡಿ.

ಬೆಳಗಿನ ಕುರ್ಚಿ

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ಆರಕ್ಕೆ ಕೂತಿರಿ. ಚಹಾ ರಾತ್ರಿಯೇ ಫ್ಲಾಸ್ಕಿನಲ್ಲಿ ತುಂಬಿಸಿ ಇಟ್ಟುಕೊಳ್ಳಿ, ಪಾಪ ಮಾವಶಿಯನ್ನು ಎಬ್ಬಿಸಬೇಡಿ. ವರಾಂಡದ ಲೈಟು ಆರಿಸಿ. ಫೋನು ಸೈಲೆಂಟ್, ಪರದೆ ಕೆಳಗೆ ಮಾಡಿ ಇಡಿ. ಶಾಲು ಹೊದ್ದರೆ ಚಳಿಯೂ ತಡೆಯುತ್ತದೆ, ಕೈಕಾಲಿನ ಅಲುಗಾಟವೂ ಮುಚ್ಚುತ್ತದೆ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಬೋರ್ ಹೊಡೆಯುತ್ತದೆ. ಇಲ್ಲೇ ಹೆಚ್ಚಿನವರು ಎದ್ದು ಹೋಗುತ್ತಾರೆ. ಕೂತಿದ್ದರೆ ಮೊದಲು ಕಿವಿ ತೆರೆಯುತ್ತದೆ. ಕಾಡುಕೋಳಿ ಕೂಗುತ್ತದೆ, ನಮ್ಮ ಊರ ಹುಂಜದ ಕೂಗಲ್ಲ, ತುಂಡು ತುಂಡಾದ ಒರಟು ಕೂಗು. ಮಳೆಗಾಲದ ಹೊತ್ತಿನಲ್ಲಾದರೆ ಯಾರೋ ಹುಡುಗ ಕೆಲಸವಿಲ್ಲದೆ ಸಿಳ್ಳೆ ಹೊಡೆಯುತ್ತಿದ್ದಾನೆ ಅನ್ನಿಸುತ್ತದೆ. ಅದು ಸಿಳ್ಳಾರ ಹಕ್ಕಿ. ಬೆಳಕು ಬರುತ್ತಿದ್ದ ಹಾಗೆ ಮರದ ತುದಿಯಲ್ಲಿ ಕೆಂದಳಿಲು ಗಟಗಟ ಬೈಯಲು ಶುರು ಮಾಡುತ್ತದೆ. ಬಾಲ ಸೇರಿ ಮೂರು ಅಡಿ ಉದ್ದದ ಪ್ರಾಣಿ, ನೆಲಕ್ಕೆ ಇಳಿಯುವುದೇ ಅಪರೂಪ. ಅದು ಬೈಯುವುದನ್ನು ನಿಲ್ಲಿಸಿ ಹಣ್ಣು ತಿನ್ನಲು ಕೂತರೆ, ನಿಮ್ಮನ್ನು ಕಾಡು ಒಪ್ಪಿದೆ ಅಂತ ಲೆಕ್ಕ.

ನೀರುನಾಯಿ ಬಂದರೆ ಮೊದಲು ಕಾಣುವುದು ನೀರಿನ ಮೇಲೆ ಒಂದು ಗೆರೆ, ಅದರ ತುದಿಯಲ್ಲಿ ಚಪ್ಪಟೆ ತಲೆ. ಆಗ ಎದ್ದು ನಿಲ್ಲಬೇಡಿ, ಪಕ್ಕದವರಿಗೆ ಬೆರಳು ತೋರಿಸಬೇಡಿ. ಕೈ ಎತ್ತಿದ್ದೇ ಅವು ಮುಳುಗುತ್ತವೆ. "ಕಲ್ಲಿನ ಎಡಕ್ಕೆ" ಅಂತ ಪಿಸುಗುಟ್ಟಿದರೆ ಆಯಿತು.

ದೂರ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಅಳತೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆಟ್ಟು ಹಿಡಿಯಿರಿ. ಪ್ರಾಣಿ ಪೂರ್ತಿ ಹೆಬ್ಬೆಟ್ಟಿನ ಹಿಂದೆ ಅಡಗಬೇಕು. ಅಡಗದಿದ್ದರೆ ನೀವು ಹತ್ತಿರ ಆದಿರಿ. ಇದಕ್ಕಿಂತ ನಂಬಿಕೆಯ ಅಳತೆ ಪ್ರಾಣಿಯ ನಡತೆ. ತಿನ್ನುತ್ತಿದ್ದದ್ದು ತಿನ್ನುವುದು ಬಿಟ್ಟು ನಿಮ್ಮನ್ನೇ ನೋಡುತ್ತಿದೆಯಾ? ಕಿವಿ ನಿಮಿರಿತಾ? ಮರಿಯನ್ನು ಹಿಂದೆ ಹಾಕಿಕೊಂಡಿತಾ? ಅಷ್ಟಾದರೆ ಹಿಂದೆ ಸರಿಯಬೇಕು.

ನಡೆಯಲೇಬೇಕು ಅಂದರೆ

ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಸರಿಯಾದ ಹಣ ಕೊಡಿ. ನಾಲ್ಕು ಜನಕ್ಕಿಂತ ಜಾಸ್ತಿ ಬೇಡ. ಅವರು ನಿಂತರೆ ನಿಲ್ಲಿ, ಯಾಕೆ ಅಂತ ಆಮೇಲೆ ಕೇಳಿ.

ಕಾಡುಕೋಣ ಗೋವಾದ ರಾಜ್ಯ ಪ್ರಾಣಿ. ಕೊಂಕಣಿಯಲ್ಲಿ ಗವೊ ರೆಡೊ, ನಮ್ಮ ಮಲೆನಾಡಿನಲ್ಲಿ ಕಾಟಿ. ದೊಡ್ಡ ಗಂಡು ಒಂದು ಟನ್ ಹತ್ತಿರ ತೂಗುತ್ತದೆ. ನೋಡಲು ಬಿಳಿ ಸಾಕ್ಸು ಹಾಕಿದ ಎಮ್ಮೆಯಂತೆ, ಸಾಧು ಅನ್ನಿಸುತ್ತದೆ. ಅದು ಪಕ್ಕಕ್ಕೆ ತಿರುಗಿ ತನ್ನ ಪೂರ್ತಿ ಮೈ ತೋರಿಸುತ್ತಾ ನಿಂತರೆ ಫೋಟೋಗೆ ಪೋಸು ಕೊಟ್ಟದ್ದು ಅಂದುಕೊಳ್ಳಬೇಡಿ. "ನನ್ನ ಸೈಜು ನೋಡಿಕೋ" ಅನ್ನುತ್ತಿದೆ. ತಲೆ ತಗ್ಗಿಸಿ ಬುಸುಗುಟ್ಟಿದರೆ ಮಾತು ಮುಗಿಯಿತು. ಬೆನ್ನು ತೋರಿಸಿ ಓಡದೆ, ಅದನ್ನೇ ನೋಡುತ್ತಾ ನಿಧಾನ ಹಿಂದಕ್ಕೆ ಹೆಜ್ಜೆ ಹಾಕಿ, ದಪ್ಪ ಮರದ ಮರೆ ಹಿಡಿಯಿರಿ. ತಾಯಿಗೂ ಕರುವಿಗೂ ನಡುವೆ, ಹಿಂಡಿಗೂ ನೀರಿಗೂ ನಡುವೆ ಎಂದೂ ಹೋಗಬೇಡಿ. ರಸ್ತೆಯಲ್ಲಿ ಎದುರಾದರೆ ಹಾರ್ನ್ ಹೊಡೆಯದೆ ಇಂಜಿನ್ ಆರಿಸಿ ಕಾಯಿರಿ.

ಗೂಡಿನ ಹತ್ತಿರ, ನನ್ನದೇ ತಪ್ಪಿನ ಕಥೆ

ಬೇಸಿಗೆಯ ಹೊತ್ತಿಗೆ ಮಂಗಟ್ಟೆ, ಅಂದರೆ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ, ಗೂಡು ಮಾಡುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಮುಂದಿನ ವಾರಗಳಲ್ಲಿ ಅವಳ ಊಟ, ಆಮೇಲೆ ಮರಿಯ ಊಟ, ಎಲ್ಲ ಗಂಡಿನದೇ ಜವಾಬ್ದಾರಿ. ಅವನು ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ಹೊರ ತಂದು ಸೀಳಿನಲ್ಲಿ ಕೊಡುವುದನ್ನು ದುರ್ಬೀನಿನಲ್ಲಿ ನೋಡಿದರೆ ಮರೆಯುವುದಿಲ್ಲ. ಆದರೆ ಮರದ ಬುಡದಲ್ಲಿ ಜನ ಕಂಡರೆ ಅವನು ಬರುವುದಿಲ್ಲ. ದೂರದ ಕೊಂಬೆಯಲ್ಲಿ ಗಂಟಲು ತುಂಬ ಹಣ್ಣಿಟ್ಟುಕೊಂಡು ಕಾಯುತ್ತಾನೆ. ಒಳಗೆ ಉಪವಾಸ. ಮಳೆಗಾಲದಲ್ಲಿ ಮಣ್ಣಿನ ದರೆಯಲ್ಲಿ ಬಿಲ ತೋಡುವ ಬಣ್ಣಬಣ್ಣದ ಪುಟ್ಟ ಮಿಂಚುಳ್ಳಿಯದೂ ಇದೇ ಪಾಡು. ಬಿಲದ ಎದುರು ಸಾಲಾಗಿ ನಿಂತ ಕ್ಯಾಮೆರಾಗಳನ್ನು ನಾನೇ ಕಂಡಿದ್ದೇನೆ, ಮೀನು ಹಿಡಿದ ಹಕ್ಕಿ ಒಳಗೆ ಹೋಗಲಾರದೆ ಕೊಂಬೆ ಬದಲಿಸುತ್ತಿತ್ತು. ಗೂಡು ಕಂಡರೆ ದೂರದಿಂದ ಐದು ನಿಮಿಷ ನೋಡಿ, ನಡೆಯಿರಿ.

ನನ್ನ ತಪ್ಪು ಬೇರೆ. ಕಪ್ಪೆಬಾಯಿ ಹಕ್ಕಿ ಅಂತ ಒಂದಿದೆ. ಹಗಲೆಲ್ಲ ಒಣಗಿದ ಎಲೆಯ ಹಾಗೆ ಜೋಡಿಯಾಗಿ ತಗ್ಗಿನ ಕೊಂಬೆಯಲ್ಲಿ ಕೂತಿರುತ್ತದೆ, ದಿನಾ ಅದೇ ಕೊಂಬೆ. ಕೆಲವು ವರ್ಷದ ಹಿಂದೆ ಸಂಜೆ ಅದರ ಕೂಗನ್ನು ಫೋನಿನಲ್ಲಿ ಹಾಕಿದೆ. ಬಂತು. ಖುಷಿಗೆ ಮತ್ತೆ ಹಾಕಿದೆ. ಅದು ಬೇರೆ ಗಂಡು ಬಂದಿದೆ ಅಂತ ತಿಳಿದು ನಲವತ್ತು ನಿಮಿಷ ನಮ್ಮ ಸುತ್ತ ಕೂಗುತ್ತಾ ಹಾರಾಡಿತು. ಅದು ಹುಳ ಹಿಡಿದು ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೊತ್ತು. ಮರುದಿನ ಆ ಕೊಂಬೆ ಖಾಲಿ. ಅದರ ಮರುದಿನವೂ ಖಾಲಿ. ಆವತ್ತೇ ಫೋನಿನಲ್ಲಿದ್ದ ಕೂಗುಗಳನ್ನೆಲ್ಲ ಅಳಿಸಿದೆ.

ರಾತ್ರಿ

ಈಗ ಕೆಂಪು ಪೇಪರ್ ತೆಗೆಯಿರಿ. ಎರಡು ಪದರ ಮಡಚಿ ಟಾರ್ಚಿನ ಬಾಯಿಗೆ ಕಟ್ಟಿ. ಹೆಚ್ಚಿನ ಕಾಡುಪ್ರಾಣಿಗಳ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ, ನಿಮ್ಮ ಕಣ್ಣೂ ಕತ್ತಲಿಗೆ ಹೊಂದಿಕೊಂಡೇ ಇರುತ್ತದೆ. ಆದರೆ ನಡೆಯುವ ದಾರಿಗೆ ಬಿಳಿ ಬೆಳಕೇ ಬೇಕು, ಹಾವಿನ ವಿಷಯದಲ್ಲಿ ಆಟ ಬೇಡ. ನಾನು ಎರಡು ಟಾರ್ಚು ಒಯ್ಯುತ್ತೇನೆ: ಬಿಳಿಯದು ನೆಲಕ್ಕೆ, ಕೆಂಪಿನದು ಮರಕ್ಕೆ.

ಮಳೆಗಾಲದಲ್ಲಿ ಹಳ್ಳದ ಪಕ್ಕದ ಪೊದೆಯಲ್ಲಿ ಗುಳಿಮಂಡಲ ಹಾವು ಸುರುಳಿ ಸುತ್ತಿ ಕೂತಿರುತ್ತದೆ. ಹಸಿರು, ಹಳದಿ, ಕಂದು, ಎಷ್ಟೋ ಬಣ್ಣ. ಹೊಂಚು ಹಾಕುವ ಹಾವಾದ್ದರಿಂದ ಒಂದೇ ಕಡೆ ದಿನಗಟ್ಟಲೆ ಇರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಜಾಗ ಬಿಡುತ್ತದೆ, ಅಥವಾ ಕಚ್ಚುತ್ತದೆ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಬೇಡ. ಅಲುಗಾಡದೆ ಕೂರಿಸಿ 108ಕ್ಕೆ ಫೋನ್ ಮಾಡಿ.

ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಸೋಪಿನ ನೊರೆಯಂಥ ಉಂಡೆ ನೇತಾಡುತ್ತಿದ್ದರೆ ಅದು ಹಾರುವ ಕಪ್ಪೆಯ ಗೂಡು. ಗೊದಮೊಟ್ಟೆಗಳು ಅಲ್ಲಿಂದ ಸೀದಾ ನೀರಿಗೆ ಬೀಳುತ್ತವೆ. ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ, ಅದೂ ಸೊಳ್ಳೆ ಕ್ರೀಮು ಹಚ್ಚಿದ ಕೈಯಲ್ಲಿ. ಅದರ ಚರ್ಮ ಎಲ್ಲವನ್ನೂ ಹೀರುತ್ತದೆ.

ಕಪ್ಪೆ ಅಂದ ಮೇಲೆ ಇನ್ನೊಂದು. ಜೂನಿನ ಮೊದಲ ಮಳೆಗೆ ಗದ್ದೆಗಳಲ್ಲಿ ದೊಡ್ಡ ಗೂಳಿಕಪ್ಪೆಗಳು ಅರಿಶಿನದ ಬಣ್ಣಕ್ಕೆ ತಿರುಗಿ ಕೂಗುತ್ತವೆ. ಆಗ ಯಾರಾದರೂ ಗುಟ್ಟಾಗಿ "ಜಂಪಿಂಗ್ ಚಿಕನ್ ಬೇಕಾ?" ಅಂತ ಕೇಳಬಹುದು. ಅದು ಅದೇ ಕಪ್ಪೆ. ಹಿಡಿಯುವುದೂ ಬಡಿಸುವುದೂ ಕಾನೂನಿನ ಪ್ರಕಾರ ಅಪರಾಧ. ಬೇಡ ಅನ್ನಿ. ಮೀನಿನ ಸಾರು, ಅನ್ನ ಕೊಡಿ ಅನ್ನಿ.

ಮಕ್ಕಳು, ಮಂಗ, ಫೋಟೋ

ಮಕ್ಕಳಿಗೆ "ಸುಮ್ನೆ ಕೂರು" ಅಂದರೆ ಐದು ನಿಮಿಷ. ಮಗಳಿಗೆ ನಾನು ಒಂದು ನೋಟ್‌ಬುಕ್ ಕೊಟ್ಟು ಕೇಳಿದ ಸದ್ದಿಗೆಲ್ಲ ಒಂದೊಂದು ಗೀಟು ಎಳೆಯಲು ಹೇಳುತ್ತೇನೆ. ಒಂದು ಗಂಟೆ ಹೋಗುತ್ತದೆ.

ಮಂಗಕ್ಕೆ, ಮುಸುವಕ್ಕೆ ಏನನ್ನೂ ಕೊಡಬೇಡಿ, ಬಾಳೆಹಣ್ಣನ್ನೂ. ನೀವು ಕೊಟ್ಟು ಹೋಗುತ್ತೀರಿ, ಮುಂದಿನ ವಾರ ಅದು ಮಾವಶಿಯ ಅಡುಗೆಮನೆಗೆ ನುಗ್ಗುತ್ತದೆ.

ಫೋಟೋ ಹಾಕುವಾಗ ಊರಿನ ಹೆಸರು, ಲೊಕೇಶನ್ ತೆಗೆದು ಹಾಕಿ. ಗೂಡು, ನೀರುನಾಯಿಯ ಬಂಡೆ, ದೊಡ್ಡ ಬೆಕ್ಕಿನ ಹೆಜ್ಜೆ, ಇವುಗಳ ಜಾಗವನ್ನು ವಾಟ್ಸಾಪ್ ಗ್ರೂಪಿಗೂ ಹೇಳಬೇಡಿ. 2020ರ ಜನವರಿಯಲ್ಲಿ ಇದೇ ಸತ್ತರಿಯ ಗೋಳಾವಳಿಯಲ್ಲಿ ನಾಲ್ಕು ಹುಲಿಗಳು ವಿಷಕ್ಕೆ ಸತ್ತವು. ದನ ಕಳೆದುಕೊಂಡವರ ಸಿಟ್ಟು ಅದರ ಹಿಂದೆ ಇತ್ತು. ಹುಲಿ ನಮಗೆ ಎರಡು ದಿನದ ರೋಮಾಂಚನ, ಇಲ್ಲಿಯವರಿಗೆ ಕೊಟ್ಟಿಗೆಯ ಲೆಕ್ಕ. ಅವರ ಮುಂದೆ "ಹುಲಿ ಇದೆಯಾ, ತೋರಿಸ್ತೀರಾ" ಅಂತ ಕುಣಿಯಬೇಡಿ.

ಹೊರಡುವ ಬೆಳಿಗ್ಗೆ

ನಿಮ್ಮ ಕಸ ನಿಮ್ಮ ಬ್ಯಾಗಿಗೆ. ಏನು ಕಂಡಿತು, ಎಷ್ಟು ಗಂಟೆಗೆ ಅಂತ ಮನೆಯವರಿಗೆ ಹೇಳಿ. ಹೊಳೆ ಕಡೆಯ ಲೈಟು ಕಣ್ಣಿಗೆ ಹೊಡೆಯಿತು ಅಂತಾದರೆ ಅದನ್ನೂ ಹೇಳಿ. ನಾವು ಹೋಗುವ ಮನೆಯಲ್ಲಿ ಮೂರು ಜನ ಅತಿಥಿಗಳು ಹೇಳಿದ ಮೇಲೆ ಟ್ಯೂಬ್‌ಲೈಟು ತೆಗೆದು, ಕೆಳಕ್ಕೆ ಮುಖ ಮಾಡಿದ ಹಳದಿ ಬಲ್ಬು ಹಾಕಿದರು.

ಶೂ ಹಾಕಿಕೊಳ್ಳುವ ಮುಂಚೆ ಕೊಡವಿ. ಹೋದ ಜುಲೈಯಲ್ಲಿ ನನ್ನ ಎಡ ಶೂನಲ್ಲಿ ಹೆಬ್ಬೆಟ್ಟಿನ ಗಾತ್ರದ ಕಪ್ಪೆಯೊಂದು ಕೂತಿತ್ತು. ಮಗಳು ಮುಟ್ಟಬಾರದು ಅಂದಳು, ನಾನೇ ಕಲಿಸಿದ ಪಾಠ. ಶೂವನ್ನು ಮೆಟ್ಟಿಲ ಮೇಲೆ ಮಗ್ಗುಲಾಗಿ ಮಲಗಿಸಿ ಕಾದೆವು. ಅದು ಹೊರಗೆ ಬರುವಷ್ಟರಲ್ಲಿ ಏಳೂವರೆಯ ಬಸ್ಸು ಹೋಗಿತ್ತು. ಮಾವಶಿ ಇನ್ನೊಂದು ಸುತ್ತು ಚಹಾ ಇಟ್ಟರು.